ಮದ್ರಸದ ಪಾಠ, ಬಯಲಿನ ಅಭ್ಯಾಸ

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳಲ್ಲಿ ನಮ್ಮ ಶಾಲೆಯ ಸ್ಕೌಟ್ ಮಕ್ಕಳೊಂದಿಗೆ ಎರಡು ರಾತ್ರಿಯ ಶಿಬಿರಕ್ಕೆ ಹೋಗಿದ್ದೆ. ಮೊದಲ ದಿನ ಮಗ್ರಿಬ್‌ನ ವೇಳೆಗೆ ಆರನೆಯ ತರಗತಿಯ ಒಬ್ಬ ಹುಡುಗನಲ್ಲಿ “ಕಿಬ್ಲಾ ಯಾವ ಕಡೆ?” ಎಂದು ಕೇಳಿದೆ. ನಮಾಝಿನ ಶರ್ತ್‌ಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಹುಡುಗ ಆತ. ಕಿಬ್ಲಾದ ಕಡೆಗೆ ಮುಖ ಮಾಡುವುದು ಅವುಗಳಲ್ಲೊಂದೆಂದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಆ ಬಯಲಿನಲ್ಲಿ ಮಿಹ್ರಾಬ್ ಇರಲಿಲ್ಲ. ಅವನು ಸುತ್ತಲೂ ನೋಡಿದ, ಬಳಿಕ ನನ್ನ ಮುಖ ನೋಡಿದ. ಸೂರ್ಯ ಆಗಷ್ಟೇ ಅವನ ಕಣ್ಣೆದುರು ಮುಳುಗಿದ್ದ.

ತಪ್ಪು ಹುಡುಗನದಲ್ಲ. ಮದ್ರಸದಲ್ಲಿ ಆ ಪಾಠ ಹೇಳಿಕೊಟ್ಟವನು ನಾನೇ. ನಾಲ್ಕು ಗೋಡೆಗಳ ನಡುವೆ ಕಲಿಸಿದ್ದು ಗೋಡೆಯಿಲ್ಲದ ಕಡೆ ಅವನ ನೆರವಿಗೆ ಬರಲಿಲ್ಲ.

ಆ ಶಿಬಿರಕ್ಕೆ ಬರಬೇಕಾಗಿದ್ದ ಇಬ್ಬರು ಮಕ್ಕಳನ್ನು ಅವರ ಮನೆಯವರು ಕಳುಹಿಸಿರಲಿಲ್ಲ. ಒಬ್ಬರು ತಂದೆ ನನ್ನಲ್ಲಿ ನೇರವಾಗಿಯೇ ಕೇಳಿದರು: “ಉಸ್ತಾದರೇ, ಇದು ಇಂಗ್ಲಿಷರು ತಂದದ್ದಲ್ಲವೇ? ನಮ್ಮ ದೀನಿಗೂ ಇದಕ್ಕೂ ಏನು ಸಂಬಂಧ?” ಪ್ರಶ್ನೆ ಹಗುರವಾದುದಲ್ಲ. ಇಂಗ್ಲಿಷರು ತಂದದ್ದೆಂಬುದು ನಿಜ. ಬ್ರಿಟಿಷ್ ಸೇನಾಧಿಕಾರಿಯಾಗಿದ್ದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದರು. 1909ರಲ್ಲೇ ನಮ್ಮ ಬೆಂಗಳೂರಿನಲ್ಲಿ ಸ್ಕೌಟ್ ದಳ ಆರಂಭವಾಯಿತು, ಆದರೆ ಅದಿದ್ದುದು ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ. ಭಾರತೀಯ ಮಕ್ಕಳನ್ನು ಹೊರಗಿಟ್ಟಾಗ ಇಲ್ಲಿನ ಹಿರಿಯರು ತಮ್ಮದೇ ದಳಗಳನ್ನು ಕಟ್ಟಿಕೊಂಡರು. ಸ್ವಾತಂತ್ರ್ಯಾನಂತರ 1950ರಲ್ಲಿ ಅವೆಲ್ಲ ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು.

ಇದೇ ಪ್ರಶ್ನೆಯನ್ನು ಜಾವಾ ದ್ವೀಪದ ಒಬ್ಬ ಆಲಿಮರು ಎದುರಿಸಿದ ಬಗೆಯನ್ನು ಓದುಗರ ಮುಂದಿಡಬೇಕೆನಿಸುತ್ತದೆ. ಯೋಗ್ಯಕರ್ತಾ ನಗರದ ಅಹ್ಮದ್ ದಹ್ಲಾನ್ ಮಕ್ಕಾದಲ್ಲಿ ಕಲಿತು ಬಂದವರು, ಬಟ್ಟೆ ವ್ಯಾಪಾರ ಮಾಡಿಕೊಂಡೇ ಅಲ್ಲಿನ ದೊಡ್ಡ ಮಸೀದಿಯಲ್ಲಿ ಖತೀಬರಾಗಿದ್ದವರು. ಆ ಮಸೀದಿಯಲ್ಲಿ ಜನರು ನೇರ ಪಶ್ಚಿಮಕ್ಕೆ ನಿಂತು ನಮಾಝ್ ಮಾಡುತ್ತಿದ್ದರು. ಕಿಬ್ಲಾ ಅಲ್ಲಿಂದ ವಾಯವ್ಯದ ಕಡೆಗೆ ಬರುತ್ತದೆಂದು ದಹ್ಲಾನರು ಲೆಕ್ಕ ಹಾಕಿ ತೋರಿಸಿದರು. 19ನೆಯ ಶತಮಾನದ ಕೊನೆಯ ವರ್ಷಗಳ ಮಾತಿದು. ಕೋಪಗೊಂಡ ಹಿರಿಯರು ಅವರ ಸ್ವಂತ ಪ್ರಾರ್ಥನಾಗೃಹವನ್ನೇ ಕೆಡವಿಸಿದರು. ನೊಂದು ಊರು ಬಿಡಲು ಹೊರಟಿದ್ದ ಅವರನ್ನು ಬಂಧುಗಳು ತಡೆದರಂತೆ. 1912ರಲ್ಲಿ ಅವರು ಮುಹಮ್ಮದಿಯಾ ಸಂಘಟನೆಯನ್ನು ಸ್ಥಾಪಿಸಿ ಶಾಲೆಗಳನ್ನು ತೆರೆದರು.

ಧರ್ಮಬೋಧನೆಗಾಗಿ ಪಕ್ಕದ ಸೋಲೋ ಪಟ್ಟಣಕ್ಕೆ ಹೋಗುತ್ತಿದ್ದ ದಹ್ಲಾನರು ಅಲ್ಲಿನ ಅರಮನೆಯ ಮುಂದಿನ ಬಯಲಿನಲ್ಲಿ ಸಮವಸ್ತ್ರ ಧರಿಸಿದ ಹುಡುಗರು ಶಿಸ್ತಿನಿಂದ ಅಭ್ಯಾಸ ಮಾಡುವುದನ್ನು ಕಂಡರು. ಅವರು ಸ್ಕೌಟ್ ಮಕ್ಕಳೆಂದು ತಿಳಿದಾಗ, ಮುಹಮ್ಮದಿಯಾದ ಮಕ್ಕಳಿಗೂ ಹೀಗೆಯೇ ಕಲಿಸಬೇಕೆಂದು ಊರಿಗೆ ಮರಳಿ ಶಿಕ್ಷಕರಿಗೆ ಹೇಳಿದರು. 1918ರಲ್ಲಿ ಆರಂಭವಾದ ಆ ದಳಕ್ಕೆ ಮುಂದೆ ‘ಹಿಝ್ಬುಲ್ ವತನ್’ ಎಂಬ ಹೆಸರಾಯಿತು. ಡಚ್ಚರ ಸ್ಕೌಟ್ ಒಕ್ಕೂಟ ತನ್ನಲ್ಲಿ ಸೇರಲು ಅದನ್ನು ಆಹ್ವಾನಿಸಿತು, ಅವರು ಒಪ್ಪಲಿಲ್ಲ. ತಮ್ಮ ಮಕ್ಕಳ ತರಬೇತಿಯ ತಳಹದಿ ಇಸ್ಲಾಮ್ ಆಗಿಯೇ ಉಳಿಯಬೇಕೆಂಬುದು ಅವರ ನಿಲುವಾಗಿತ್ತು. ಇಂಡೋನೇಷ್ಯಾ ಸೇನೆಯ ಮೊದಲ ದಂಡನಾಯಕ ಸುದಿರ್ಮನ್ ಈ ದಳದಲ್ಲೇ ಬೆಳೆದವರು, ಮುಹಮ್ಮದಿಯಾ ಶಾಲೆಯಲ್ಲಿ ಮೇಷ್ಟರಾಗಿದ್ದವರು. 1961ರಲ್ಲಿ ಸರಕಾರವು ಎಲ್ಲ ದಳಗಳನ್ನೂ ಒಂದುಗೂಡಿಸಿದಾಗ ಹಿಝ್ಬುಲ್ ವತನ್ ಅದರಲ್ಲಿ ಕರಗಿತು. 1999ರಲ್ಲಿ ಪುನಃ ತಲೆಯೆತ್ತಿತು.

ಗಮನಿಸಿ, ದಹ್ಲಾನರು ತಂತ್ರವನ್ನು ತೆಗೆದುಕೊಂಡರು, ಗುರಿಯನ್ನು ತಮ್ಮದಾಗಿಯೇ ಇಟ್ಟುಕೊಂಡರು. ಖಂದಕ್ ಯುದ್ಧದಲ್ಲಿ ಕಂದಕ ತೋಡಿ ಊರನ್ನು ಕಾಯುವ ಪದ್ಧತಿ ಅರಬರದ್ದಾಗಿರಲಿಲ್ಲ. ಆದರೂ ಪ್ರವಾದಿಯವರು(ಸ) ಅದನ್ನು ಸ್ವೀಕರಿಸಿದರು, ಸ್ವತಃ ಮಣ್ಣು ಹೊತ್ತರು.

ಇನ್ನು ನಮ್ಮಲ್ಲಿಗೆ ಬರೋಣ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವನಿಗೂ ದೇಶಕ್ಕೂ ಕರ್ತವ್ಯ ಸಲ್ಲಿಸುವ, ಇತರರಿಗೆ ನೆರವಾಗುವ ಮಾತಿದೆ. ಇದರಲ್ಲಿ ನಮಗೆ ಅಡ್ಡಿಯಾಗುವಂಥದ್ದೇನೂ ಇಲ್ಲ. ಶಿಬಿರಗಳಲ್ಲಿ ಸರ್ವಧರ್ಮ ಪ್ರಾರ್ಥನೆ ಇರುತ್ತದೆ. ಅನ್ಯರ ಪ್ರಾರ್ಥನೆಯ ವೇಳೆ ಗೌರವದಿಂದ ಮೌನವಾಗಿ ನಿಲ್ಲಲು, ತನ್ನ ಸರದಿ ಬಂದಾಗ ಸೂರಃ ಫಾತಿಹಾವನ್ನು ಅರ್ಥಸಹಿತ ಓದಲು ಮಗುವಿಗೆ ಮೊದಲೇ ಕಲಿಸಿ ಕಳುಹಿಸಬೇಕು. ನಮಾಝಿನ ವೇಳೆ, ಊಟದ ವಿಷಯಗಳನ್ನು ಶಿಬಿರಕ್ಕೆ ಮುಂಚೆಯೇ ಹೇಳಿದರೆ ಒಪ್ಪದವರನ್ನು ನಾನು ಕಂಡಿಲ್ಲ. ಹೇಳದೆ ಹೋಗಿ ಅಲ್ಲಿ ಮುಖ ಗಂಟಿಕ್ಕುವವರೇ ನಮ್ಮಲ್ಲಿ ಹೆಚ್ಚು. ಹೆಣ್ಣುಮಕ್ಕಳಿಗೆ ಗೈಡ್ಸ್ ದಳ ಪ್ರತ್ಯೇಕವಾಗಿಯೇ ಇದೆ. ಅವರೊಂದಿಗೆ ನಮ್ಮ ಶಿಕ್ಷಕಿಯರು ಹೋಗಲು ಮುಂದಾಗಬೇಕು.

ಮದ್ರಸದ ಪಾಠಗಳು ಶಿಬಿರದಲ್ಲಿ ಹೇಗೆ ಜೀವ ಪಡೆಯುತ್ತವೆಂಬುದನ್ನು ಎರಡನೆಯ ದಿನ ಕಂಡೆ. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಅಂದರೆ ಮುಕ್ಕಾಲು ಲೀಟರಿನಷ್ಟು. ಒಬ್ಬೊಬ್ಬರಿಗೆ ಅಷ್ಟೇ ನೀರು ಅಳೆದುಕೊಟ್ಟೆ. ಮೊದಲನೆಯವನ ನೀರು ಮೊಣಕೈಗೆ ಬರುವಷ್ಟರಲ್ಲಿ ಮುಗಿಯಿತು. ಎಲ್ಲರೂ ನಕ್ಕರು, ಅಸ್ರ್‌ನ ವೇಳೆಗೆ ಎಲ್ಲರೂ ಕಲಿತಿದ್ದರು. ಪ್ರಯಾಣದಲ್ಲಿ ಮೂವರಿದ್ದರೂ ಒಬ್ಬನನ್ನು ನಾಯಕನಾಗಿ ಆರಿಸಿಕೊಳ್ಳಬೇಕೆಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಸ್ಕೌಟಿನಲ್ಲಿ ಆರೆಂಟು ಮಕ್ಕಳ ಗುಂಪಿಗೊಬ್ಬ ನಾಯಕ. ಅವನು ಎಲ್ಲರಿಗೂ ಬಡಿಸಿದ ಬಳಿಕವೇ ತಾನು ಉಣ್ಣಬೇಕೆಂದು ನಾನು ನಿಯಮ ಮಾಡಿದೆ. ಆ ದಿನ ನಾಯಕನಾದವನಿಗೆ ಗಂಜಿಯ ತಳವಷ್ಟೇ ಸಿಕ್ಕಿತು. ಮರುದಿನ ನಾಯಕತ್ವಕ್ಕೆ ಜಗಳವಾಗಲಿಲ್ಲ!

ಒಂದು ಎಚ್ಚರಿಕೆಯ ಮಾತನ್ನು ಹೇಳದಿರಲಾರೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡುವುದು ಸ್ಕೌಟಿನ ರೂಢಿ. ದಾರಿಯಲ್ಲಿನ ಮುಳ್ಳುಕಲ್ಲುಗಳನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಕಲಿತ ಮಕ್ಕಳಿಗೆ ಇದು ಹೊಸದಲ್ಲ. ಆದರೆ ಬ್ಯಾಡ್ಜು, ಪ್ರಶಸ್ತಿಪತ್ರಗಳ ಆಸೆ ಬಂದಾಗ ನಿಯ್ಯತ್ ಕೆಡುವುದುಂಟು. ನನ್ನ ಹುಡುಗರಿಗೆ ವಾರದಲ್ಲಿ ಒಂದಾದರೂ ಕೆಲಸವನ್ನು ಯಾರಿಗೂ, ನನಗೂ ಹೇಳದೆ ಮಾಡಲು ಹೇಳಿದ್ದೇನೆ. ಮಾಡುತ್ತಾರೋ ಇಲ್ಲವೋ ನಾನು ಕೇಳುವಂತಿಲ್ಲ.

ಕಿಬ್ಲಾ ತಿಳಿಯದ ಹುಡುಗನ ವಿಷಯ ಉಳಿಯಿತು. ಅದೇ ದಿನ ಬೆಳಿಗ್ಗೆ ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ನೆರಳಿನ ತುದಿಗೆ ಆಗಾಗ ಕಲ್ಲಿಡುವಂತೆ ಅವನಿಗೆ ಹೇಳಿದ್ದೆ. ನೆರಳು ಕುಗ್ಗುತ್ತ ಬಂದು, ಗಡಿಯಾರದ ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ ಅತ್ಯಂತ ಚಿಕ್ಕದಾಯಿತು, ಆಮೇಲೆ ಬೆಳೆಯತೊಡಗಿತು. ಝುಹ್ರ್‌ನ ವೇಳೆ ಆರಂಭವಾಗುವುದು ಆಗಲೇ. ಡಿಸೆಂಬರಿನಲ್ಲಿ ನಮ್ಮಲ್ಲಿ ಆ ಚಿಕ್ಕ ನೆರಳು ನೇರ ಉತ್ತರವನ್ನು ತೋರಿಸುತ್ತದೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡಗೈ ಪಶ್ಚಿಮ. ಅಲ್ಲಿಂದ ಉತ್ತರದ ಕಡೆಗೆ ಸುಮಾರು 20 ಡಿಗ್ರಿ ಸರಿದರೆ ಕಿಬ್ಲಾ. ಅವನು ಲೆಕ್ಕ ಹಾಕಿ ಗೆರೆ ಎಳೆದ, ನಾನು ದಿಕ್ಸೂಚಿಯಿಂದ ನೋಡಿದೆ, ಸ್ವಲ್ಪವಷ್ಟೇ ವ್ಯತ್ಯಾಸವಿತ್ತು. ಎಲ್ಲರೂ ಅವನ ಗೆರೆಗೆ ಸಫ್ ಕಟ್ಟಿದೆವು.

ವಾರದ ಬಳಿಕ ಅವನ ಅಜ್ಜಿಯಿಂದ ನನಗೆ ದೂರು ಬಂತು. ಮೊಮ್ಮಗ ಅಂಗಳದ ನಡುವೆ ಕೋಲು ನೆಟ್ಟು ಸುತ್ತ ಕಲ್ಲಿಟ್ಟಿದ್ದಾನೆ, ಅಡಿಕೆ ಒಣಗಿಸಲು ಜಾಗ ಬಿಡುತ್ತಿಲ್ಲವೆಂದು. ಅಂಗಳದ ಮೂಲೆಗೆ ಸರಿಸುವಂತೆ ಹೇಳಿ ಕಳುಹಿಸಿದೆ.