ಹುಟ್ಟುಗೋಲಿಗೆ ಎಣ್ಣೆಯ ಕಾಪು

ಗ್ರೀನ್‌ಲೆಂಡಿನಲ್ಲಿ ದೊಡ್ಡ ಮರಗಳು ಬೆಳೆಯುವುದು ತೀರ ಅಪೂರ್ವ. ಸೈಬೀರಿಯದ ನದಿಗಳಿಂದ ಕಡಲನ್ನು ಸೇರಿ, ಪ್ರವಾಹಗಳೊಡನೆ ತೇಲಿಬಂದ ದಿಮ್ಮಿಗಳಿಂದಲೇ ಅಲ್ಲಿಯ ಇನ್ಯುಯಿಟ್ ಜನರು ಕಯಾಕ್ ಎಂಬ ಕಿರುದೋಣಿಯ ಹಂದರವನ್ನೂ ಅದನ್ನು ನಡೆಸುವ ಎರಡಲಗಿನ ಹುಟ್ಟುಗೋಲನ್ನೂ ಮಾಡಿಕೊಳ್ಳುತ್ತಿದ್ದರು. ಅಲಗಿನ ತುದಿಗಳಿಗೆ ಮೂಳೆಯ ಅಂಚು ಕಟ್ಟುತ್ತಿದ್ದರು. ಹಿಮದಂತೆ ಕೊರೆಯುವ ನೀರಿನ ನಡುವೆ ಹುಟ್ಟುಗೋಲು ಮುರಿದರೆ ಬೇಟೆಗಾರನ ಪ್ರಾಣಕ್ಕೇ ಸಂಚಕಾರ. ಸದಾ ನೀರಿನಲ್ಲಾಡುವ ಮರವನ್ನು ನೀರಿನಿಂದ ಕಾಪಾಡುವುದು ಹೇಗೆಂಬುದನ್ನು ನೋಡೋಣ.

ಮರವೆಂದರೆ ಸೂಕ್ಷ್ಮ ನಳಿಕೆಗಳ ಒಂದು ಕಂತೆ. ನಳಿಕೆಗಳ ಗೋಡೆಯಲ್ಲಿರುವ ಸೆಲ್ಯುಲೋಸ್ ನೀರನ್ನು ಹೀರುತ್ತದೆ. ಒಣಮರದ ತೂಕದಲ್ಲಿ ಸುಮಾರು ಶೇಕಡ 30ರಷ್ಟು ನೀರು ಸೇರುವವರೆಗೆ ಗೋಡೆಗಳು ಉಬ್ಬುತ್ತಲೇ ಇರುತ್ತವೆ. ಉದ್ದಕ್ಕೆ ಈ ಹಿಗ್ಗುವಿಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ನೆನೆದು ಒಣಗುವುದು ಮರಮರಳಿ ನಡೆದರೆ ಮರ ಸೊಟ್ಟಗಾಗುತ್ತದೆ, ಸೀಳುತ್ತದೆ. ಅಲಗಿನ ತುದಿಯಲ್ಲಿ ನಳಿಕೆಗಳ ಬಾಯಿ ತೆರೆದಿರುವುದರಿಂದ ನೀರು ಬೇಗನೆ ನುಗ್ಗುವುದು ಅಲ್ಲಿಯೇ.

ಇದನ್ನು ತಡೆಯಲು ಎಣ್ಣೆ ಬಳಿಯುತ್ತಾರೆ. ಆದರೆ ಎಲ್ಲ ಎಣ್ಣೆಯೂ ಈ ಕೆಲಸಕ್ಕೆ ಬಾರದು. ಒಂದು ಗಾಜಿನ ಚೂರಿಗೆ ಕೊಬ್ಬರಿ ಎಣ್ಣೆಯನ್ನೂ ಇನ್ನೊಂದಕ್ಕೆ ಅಗಸೆ ಎಣ್ಣೆಯನ್ನೂ ತೆಳುವಾಗಿ ಸವರಿ, ಗಾಳಿಯಾಡುವೆಡೆ ಒಂದೆರಡು ವಾರ ಇಟ್ಟು ನೋಡಿರಿ. ಮೊದಲನೆಯದು ಜಿಡ್ಡಾಗಿಯೇ ಉಳಿಯುತ್ತದೆ. ಎರಡನೆಯದು ಗಟ್ಟಿ ಪೊರೆಯಾಗುತ್ತದೆ. ಬಟ್ಟೆ ಒಣಗುವಂತೆ ಇಲ್ಲಿ ಏನೂ ಆವಿಯಾಗಿ ಹೋಗಿಲ್ಲ. ಅಗಸೆ ಎಣ್ಣೆಯ ಸುಮಾರು ಅರ್ಧ ಭಾಗವಾದ ಲಿನೋಲೆನಿಕ್ ಆಮ್ಲದ ಅಣುವಿನಲ್ಲಿ ಮೂರು ದ್ವಿಬಂಧಗಳಿವೆ. ಗಾಳಿಯ ಆಕ್ಸಿಜನ್ ಈ ದ್ವಿಬಂಧಗಳ ನೆರೆಯಲ್ಲಿ ವರ್ತಿಸಿ, ಅಣುವಿಗೆ ಅಣುವನ್ನು ಬೆಸೆದು ಬಲೆಯಂತೆ ಹೆಣೆಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ದ್ವಿಬಂಧಗಳು ತೀರ ಕಡಮೆ. ಮೀನೆಣ್ಣೆಯಲ್ಲಿ ಅವು ಹೇರಳ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೂತಾಯಿ ಮೀನಿನ ಎಣ್ಣೆಯನ್ನು ದೋಣಿಗಳಿಗೆ ಬಳಿಯುವ ರೂಢಿ ಬಂದುದು ಅಕಾರಣವಲ್ಲ.

ಬಳಿಯುವ ಕ್ರಮ ಸುಲಭ. ಮರವನ್ನು ಒದ್ದೆ ಬಟ್ಟೆಯಿಂದ ಒರಸಿದರೆ ನಾರುಗಳು ನಿಮಿರುತ್ತವೆ. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ನುಣುಪುಗೊಳಿಸಬೇಕು. ಎಣ್ಣೆಯನ್ನು ತೆಳುವಾಗಿ ಸವರಿ, ಕಾಲು ಗಂಟೆಯ ಮೇಲೆ, ಹೀರದೆ ಉಳಿದುದನ್ನು ಪೂರ್ತಿ ಒರಸಿ ತೆಗೆಯಬೇಕು. ಇಲ್ಲವಾದರೆ ಅದು ಅಂಟಾಗಿ ನಿಲ್ಲುತ್ತದೆ. ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಮೂರು ನಾಲ್ಕು ಲೇಪ ಕೊಡಬೇಕು. ತುದಿಗಳಿಗೆ ಇನ್ನೂ ಹೆಚ್ಚು.

ಎಣ್ಣೆಯನ್ನು ಒಣಗಿಸುವ ಈ ಕ್ರಿಯೆಯೇ ಅಪಾಯಕ್ಕೂ ಮೂಲ. ಆಕ್ಸಿಜನ್ ಕೂಡುವಾಗ ಶಾಖ ಹುಟ್ಟುತ್ತದೆ. ಹುಟ್ಟುಗೋಲಿನ ಮೇಲಿನ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆಮಾಡಿ ಎಸೆದ ಎಣ್ಣೆಬಟ್ಟೆಯಲ್ಲಾದರೋ ಅದು ಒಳಗೇ ಸೇರಿ, ಕಿಡಿ ಸೋಕದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 38 ಅಂತಸ್ತಿನ ಕಟ್ಟಡವೊಂದಕ್ಕೆ ಬೆಂಕಿ ಬಿದ್ದುದು ಹೀಗೆ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಅದರಲ್ಲಿ ಅಗ್ನಿಶಾಮಕ ದಳದ ಮೂವರು ಮಡಿದರು. ಆದುದರಿಂದ ಕೆಲಸ ಮುಗಿದೊಡನೆ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು. ಅಥವಾ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಬೇಕು.

ಎಣ್ಣೆಯ ಲೇಪ ನೀರನ್ನು ತಡವಾಗಿಸುತ್ತದೆಯೇ ಹೊರತು ಪೂರ್ಣವಾಗಿ ತಡೆಯಲಾರದು. ಅಲಗಿನ ಮೇಲೆ ನೀರಿನ ಹನಿ ಮುತ್ತಿನಂತೆ ನಿಂತರೆ ಕಾಪು ಇನ್ನೂ ಇದೆ. ಹರಡಿ ಮರ ಕಪ್ಪಿಟ್ಟರೆ ಮತ್ತೆ ಎಣ್ಣೆ ಬಳಿಯುವ ಕಾಲ ಬಂದಿತೆಂದು ತಿಳಿಯಬೇಕು.