ಸ್ಕ್ಯಾನಿಂಗ್ ಆದ ಮೇಲೆ ಸಹಿ ಯಾರದ್ದು?

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಏನೋ ಅನುಮಾನ ಕಂಡು, ಗರ್ಭದ ನೀರು ತೆಗೆದು ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿದ ಕೂಡಲೇ ಮನೆಮಂದಿ ಗಾಬರಿಯಾಗುತ್ತಾರೆ. ಕಾಗದ ಬಂದರೆ ಗಂಡನೋ ಅತ್ತೆಯೋ ಪೆನ್ನು ಹಿಡಿಯುತ್ತಾರೆ. ಆದರೆ ಕಾನೂನು ಕೇಳುವುದು ಗರ್ಭಿಣಿಯ ಸಹಿಯನ್ನು.

1994ರ ಪಿಸಿಪಿಎನ್‌ಡಿಟಿ ಕಾಯ್ದೆ ಎಂದರೆ ಲಿಂಗಪತ್ತೆ ನಿಷೇಧ ಎಂದಷ್ಟೇ ನಮಗೆ ಗೊತ್ತು. ವರ್ಣತಂತು ದೋಷ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ, ಹುಟ್ಟಿನಿಂದಲೇ ಬರುವ ಅಂಗದೋಷಗಳ ಪತ್ತೆಗೆ ಅದೇ ಕಾಯ್ದೆ ದಾರಿ ಬಿಟ್ಟಿದೆ. ಇಂಥ ಪರೀಕ್ಷೆಗೆ ಮುಂಚೆ ಅದರಿಂದ ಆಗಬಹುದಾದ ಅಡ್ಡಪರಿಣಾಮಗಳನ್ನೆಲ್ಲ ಡಾಕ್ಟರು ಆಕೆಗೆ ವಿವರಿಸಬೇಕು. ಆಕೆಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಯ ಕೈಗೆ ಕೊಡಬೇಕು. ಕನ್ನಡ ಮಾತ್ರ ಓದಬಲ್ಲವಳ ಮುಂದೆ ಇಂಗ್ಲಿಷ್ ಫಾರಂ ಇಟ್ಟು ಬೆರಳು ತೋರಿಸಿದರೆ ಅದು ಒಪ್ಪಿಗೆಯಲ್ಲ. ಕನ್ನಡದ ಕಾಗದ ಕೇಳಲು ಸಂಕೋಚ ಬೇಡ.

ಹುಟ್ಟುವ ಮೊದಲೇ ಮಗುವಿಗೆ ಚಿಕಿತ್ಸೆ ಕೊಡುವುದೂ ಈಗ ಸಾಧ್ಯ. ತಾಯಿಯದು ನೆಗೆಟಿವ್, ಮಗುವಿನದು ಪಾಸಿಟಿವ್ ರಕ್ತದ ಗುಂಪಾಗಿದ್ದು, ತಾಯಿಯ ಪ್ರತಿಕಾಯಗಳಿಂದ ಮಗುವಿಗೆ ತೀವ್ರ ರಕ್ತಹೀನತೆಯಾದರೆ ಹೊಕ್ಕುಳಬಳ್ಳಿಯ ಮೂಲಕ ರಕ್ತ ಕೊಡುತ್ತಾರೆ. ಚಿಕಿತ್ಸೆ ಮಗುವಿಗಾದರೂ ಸೂಜಿ ಇಳಿಯುವುದು ತಾಯಿಯ ಹೊಟ್ಟೆಗೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೂ ಕೊಟ್ಟಂತಲ್ಲ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಾಣಕ್ಕೆ ಕುತ್ತು ಬಂದ ತುರ್ತು ಸಂದರ್ಭ ಮಾತ್ರ ಬೇರೆ. ಆದ್ದರಿಂದ ಅಪಾಯವೇನು, ಬೇರೆ ದಾರಿ ಇದೆಯೇ, ಏನೂ ಮಾಡದಿದ್ದರೆ ಏನಾಗುತ್ತದೆ ಎಂಬ ಮೂರನ್ನೂ ಕೇಳಿಯೇ ಸಹಿ ಹಾಕಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಿದ್ದರೆ ದಾಖಲೆಗಳಿಗೆ ಬರೆದುಕೊಡಿ. ಕೇಳಿದ 72 ಗಂಟೆಯೊಳಗೆ ಅವನ್ನು ಒದಗಿಸಬೇಕೆಂದು ವೈದ್ಯರ ವೃತ್ತಿನಿಯಮವೇ ಹೇಳುತ್ತದೆ.

ತೀರಾ ಗಂಭೀರ ದೋಷವಿದ್ದು ಗರ್ಭ ಉಳಿಸಿಕೊಳ್ಳಲಾಗದು ಎಂದು ತಾಯಿಗೆ ಅನ್ನಿಸಿದರೆ? ವೈದ್ಯಕೀಯ ಗರ್ಭಪಾತ ಕಾಯ್ದೆಗೆ ತಂದ 2021ರ ತಿದ್ದುಪಡಿಯ ಪ್ರಕಾರ, ಅಂಥ ದೋಷವಿದ್ದಾಗ 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. 24 ದಾಟಿದ ಮೇಲೂ ಬಾಗಿಲು ಮುಚ್ಚಿಲ್ಲ: ದೋಷ ಗಣನೀಯವಾದದ್ದೆಂದು ವೈದ್ಯಕೀಯ ಮಂಡಳಿ ಒಪ್ಪಬೇಕು. ಅರ್ಜಿ ಬಂದ ಮೂರು ದಿನದಲ್ಲಿ ಮಂಡಳಿ ಅಭಿಪ್ರಾಯ ತಿಳಿಸಬೇಕು. ವಯಸ್ಕ ಹೆಣ್ಣಿಗೆ ಗಂಡನ ಒಪ್ಪಿಗೆ ಬೇಕಿಲ್ಲ. ಹಾಗೆಯೇ, ದೋಷವಿದೆಯೆಂದು ಗರ್ಭ ತೆಗೆಸಲು ಆಕೆಯನ್ನು ಬಲವಂತಪಡಿಸುವ ಹಕ್ಕು ಮನೆಯವರಿಗೂ ಇಲ್ಲ, ಆಸ್ಪತ್ರೆಗೂ ಇಲ್ಲ. ಈ ಎರಡನೆಯ ಮಾತನ್ನು ನಮ್ಮ ಮನೆಗಳಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ.

ಇಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ. ಮಂಡಳಿಗೆ ಹೋಗುವುದೆಂದಾದರೆ ವರದಿ ಕೈಸೇರಿದ ದಿನವೇ ಅರ್ಜಿ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಪಡೆದು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ.