ಮುಯ್ಯಿಯನ್ನು ಗ್ರಾಮಿನಲ್ಲಿ ತೂಗಬೇಕೇ?

ಪ್ರಶ್ನೆ: ನನ್ನ ಅಣ್ಣನಿಗೆ ಮದುವೆಯಾದ ಒಂಬತ್ತು ವರ್ಷಕ್ಕೆ ಹೆಣ್ಣು ಮಗು ಹುಟ್ಟಿದೆ. ಮುಂದಿನ ತಿಂಗಳು ಅತ್ತಿಗೆಯ ತವರಿನಲ್ಲಿ ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದಾರೆ. ಅಣ್ಣನಿಗೆ ನಾನೊಬ್ಬಳೇ ತಂಗಿ, ಹಾಗಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆ ನಾನೇ. 2018ರಲ್ಲಿ ನನ್ನ ಮಗನ ತೊಟ್ಟಿಲು ನಮ್ಮ ತವರಿನಲ್ಲೇ ಆಯಿತು. ಆಗ ಅಣ್ಣ ಎರಡು ಗ್ರಾಮಿನ ಉಂಗುರ, ಬೆಳ್ಳಿಯ ಉಡುದಾರ, ನನಗೆ ಇಳಕಲ್ ಸೀರೆ, ನಮ್ಮ ಯಜಮಾನರಿಗೆ ಪ್ಯಾಂಟು-ಶರ್ಟಿನ ಬಟ್ಟೆ ಎಲ್ಲ ಮಾಡಿದ್ದ. ಆಗ ಆ ಉಂಗುರ ಏಳು ಸಾವಿರದ ಆಸುಪಾಸಿನಲ್ಲಿ ಬಂದಿತ್ತು. ಈಗ ಅಂಥದ್ದನ್ನೇ ಕೇಳಿದರೆ ಇಪ್ಪತ್ತು ಸಾವಿರ ದಾಟುತ್ತದೆ. ಯಜಮಾನರು ಟಂಟಂ ಓಡಿಸುತ್ತಾರೆ, ನಾನು ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಅತ್ತಿಗೆಯ ತವರಿನವರು ಸ್ಥಿತಿವಂತರು, ಕಲಘಟಗಿಯಿಂದ ಬಣ್ಣದ ತೊಟ್ಟಿಲು ಮಾಡಿಸಿ ತರುತ್ತಾರಂತೆ. ಅವರಲ್ಲಿ ಆಯೇರಿಯನ್ನು ಮೈಕಿನಲ್ಲಿ ಕೂಗಿ ಹೇಳುವ ರೂಢಿ ಬೇರೆ. ಕಿವಿಯೋಲೆ ಒತ್ತೆ ಇಡಲೇ, ಸಂಘದಲ್ಲಿ ಸಾಲ ತೆಗೆಯಲೇ ಎಂದು ತಿಳಿಯುತ್ತಿಲ್ಲ. ಯಜಮಾನರು, ‘ಸಾವಿರದ ಒಂದು ರೂಪಾಯಿ ಕೊಟ್ಟು ಬಾ, ಅದಕ್ಕ್ಯಾಕ ಇಷ್ಟು ಚಿಂತಿ’ ಎನ್ನುತ್ತಾರೆ. ಅವ್ವ ಎರಡು ವರ್ಷದ ಹಿಂದೆ ತೀರಿಕೊಂಡಳು, ಕೇಳೋಣವೆಂದರೆ ಹಿರಿಯರು ಯಾರೂ ಇಲ್ಲ. ಇಸಿದುಕೊಂಡಷ್ಟು ತಿರುಗಿ ಕೊಡದಿದ್ದರೆ ಮುಯ್ಯಿ ತೀರುತ್ತದೆಯೇ?
— ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ಮೊದಲು ಒತ್ತೆಯ ಮಾತು ಮುಗಿಸಿಬಿಡೋಣ. ಓಲೆ ಕಿವಿಯಲ್ಲೇ ಇರಲಿ. ಸಂಘದ ದುಡ್ಡನ್ನೂ ಇದಕ್ಕೆ ಮುಟ್ಟಬೇಡಿ. ಹೊಲಿಗೆ ಯಂತ್ರಕ್ಕೋ ಟಂಟಂ ರಿಪೇರಿಗೋ ಸಾಲ ತೆಗೆದರೆ ಅದು ದುಡಿದು ತನ್ನ ಕಂತು ತಾನೇ ತೀರಿಸುತ್ತದೆ. ಉಂಗುರಕ್ಕೆ ತೆಗೆದ ಸಾಲ ಹಾಗಲ್ಲ. ಕಂತು ಕಟ್ಟುವ ದಿನ ಬಂದಾಗಲೆಲ್ಲ ಮನೆಯಲ್ಲಿ ಆ ಉಂಗುರದ ಮಾತು ಏಳುತ್ತದೆ, ಯಜಮಾನರು ನಿಮ್ಮ ಅಣ್ಣನ ಹೆಸರು ತೆಗೆಯುತ್ತಾರೆ, ನೀವು ಒಳಗೆ ಹೋಗಿ ಅಳುತ್ತೀರಿ. ಒಂದು ಕೂಸಿನ ಹೆಸರಿನಲ್ಲಿ ಇಷ್ಟೆಲ್ಲ ಆಗುವುದು ನಿಮ್ಮ ಅಣ್ಣನಿಗೆ ಬೇಕೇ?

ಇನ್ನು ಮುಯ್ಯಿಯ ವಿಚಾರ. ಕಾರ್ಯದ ಖರ್ಚೆಲ್ಲ ಒಂದೇ ಮನೆಯ ಮೇಲೆ ಬೀಳಬಾರದೆಂದು ಊರವರು, ನೆಂಟರು, ಬೀಗರು ಕೈಗೂಡಿಸುತ್ತಿದ್ದರು; ನಾಳೆ ಅವರ ಮನೆಯ ಕಾರ್ಯಕ್ಕೆ ಇವರು. ಯಾರು ಎಷ್ಟು ಕೊಟ್ಟರೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅದಕ್ಕೇ. ಆದರೆ ತವರಿನವರು ಮಗಳಿಗೆ, ಮಗಳ ಮಗುವಿಗೆ ಮಾಡಿದ್ದನ್ನು ಆ ಪುಸ್ತಕಕ್ಕೆ ಏರಿಸಿದ್ದನ್ನು ನಾನಂತೂ ಯಾವ ಮನೆಯಲ್ಲೂ ಕಂಡಿಲ್ಲ. 2018ರಲ್ಲಿ ನಿಮ್ಮ ಅಣ್ಣ ಉಂಗುರ ಹಾಕಿದ್ದು ಸೋದರಮಾವನಾಗಿ. ತವರಿನ ಪರವಾಗಿ ಆ ಮಗುವಿಗೆ ಅವನು ಮಾಡಬೇಕಾದದ್ದನ್ನು ಮಾಡಿದ. ಈಗ ಹುಟ್ಟಿರುವ ಮಗುವಿಗೆ ಅತ್ತಿಗೆಯ ಅಣ್ಣನೋ ತಮ್ಮನೋ ಸೋದರಮಾವ. ಆ ಕೆಲಸ ಅವನದು, ತೊಟ್ಟಿಲೂ ಆ ಮನೆಯದು. ನಿಮ್ಮ ಪಾಲಿಗೆ ಬಂದಿರುವುದು ಸೋದರತ್ತೆಯ ಕೆಲಸ. ನೀವು ಕಿವಿಯಲ್ಲಿ ಹೆಸರು ಹೇಳುತ್ತೀರಿ, ಹೇಳುವಾಗ ಸುತ್ತ ನಿಂತ ಹೆಣ್ಣುಮಕ್ಕಳಿಂದ ಬೆನ್ನಿಗೆ ಗುದ್ದು ತಿನ್ನುತ್ತೀರಿ (ನಿಮ್ಮ ಕಡೆ ಇದನ್ನು ಬಿಟ್ಟಿರಲಾರರು), ಆಮೇಲೆ ಅಣ್ಣನ ಕೈಯಿಂದ ಸೀರೆ-ಕುಬಸ ಇಸಿದುಕೊಳ್ಳುತ್ತೀರಿ. ಅವತ್ತು ಕೊಡುವವರಷ್ಟೇ ತೆಗೆದುಕೊಳ್ಳುವವರೂ ನೀವೇ.

ಒಂದು ವೇಳೆ ಇದು ಮುಯ್ಯಿಯೇ ಎಂದಿಟ್ಟುಕೊಂಡರೂ ನಿಮ್ಮ ಲೆಕ್ಕ ಕೂಡುವುದಿಲ್ಲ. ಗ್ರಾಮಿಗೆ ಗ್ರಾಂ ಎಂದರೆ, ಚಿನ್ನದ ಪೇಟೆ ಏರಿದ್ದಕ್ಕೆ ಜಂಪರ್ ಹೊಲಿಯುವ ಹೆಣ್ಣುಮಗಳು ದಂಡ ಕಟ್ಟಬೇಕು. ರೂಪಾಯಿಗೆ ರೂಪಾಯಿ ಎಂದರೆ ಅಣ್ಣನನ್ನು ಅಗ್ಗ ಮಾಡಿದೆನೇನೋ ಎಂದು ನಿಮಗೇ ಚುಚ್ಚುತ್ತದೆ. ಒಡಹುಟ್ಟಿದವರ ನಡುವೆ ತಕ್ಕಡಿ ತಂದಿಟ್ಟರೆ ಯಾವ ಕಡೆಯ ತಟ್ಟೆಯೂ ಸಮಾಧಾನ ಕೊಡುವುದಿಲ್ಲ.

ಆ ಉಂಗುರದ ಗತಿಯನ್ನೂ ಒಮ್ಮೆ ನೋಡಿ. ಎಳೆಗೂಸು ಮುಷ್ಟಿ ಬಿಚ್ಚುವುದೇ ಅಪರೂಪ. ಬಾಯಿ ಬಿಟ್ಟ ಸಣ್ಣ ಉಂಗುರವನ್ನು ಬೆರಳು ಬಿಡಿಸಿ ಹಾಕಿ, ಫೋಟೋ ತೆಗೆಸಿ, ಸಂಜೆಯೊಳಗೆ ಅಜ್ಜಿ ಬಿಚ್ಚಿ ಗುಲಾಬಿ ಕಾಗದದಲ್ಲಿ ಸುತ್ತಿ ಕಪಾಟಿಗೆ ಇಡುತ್ತಾಳೆ. ಬಿಚ್ಚದಿದ್ದರೆ ಇನ್ನೂ ಕಷ್ಟ, ಕೈಯೆಲ್ಲ ಬಾಯಿಗೆ ಹೋಗುವ ವಯಸ್ಸು ಅದು. ನಿಮ್ಮ ಮಗನ ಉಂಗುರ ಎಷ್ಟು ದಿನ ಬೆರಳಲ್ಲಿತ್ತು, ನೆನಪು ಮಾಡಿಕೊಳ್ಳಿ. ಇಷ್ಟು ಸಣ್ಣ ಒಡವೆಯಲ್ಲಿ ಮಜೂರಿ, ವೇಸ್ಟೇಜ್ ಎಂದು ಹೋಗುವ ಪಾಲು ದೊಡ್ಡದು. ಮುಂದೆ ಮಾರಲು ಹೋದರೆ ಅದು ಹಿಂದಕ್ಕೆ ಬಾರದು. ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಇಲ್ಲದೆ ಅಂಗಡಿಯವರು ಮಾರುವಂತಿಲ್ಲ ಎಂದು 2023ರ ಏಪ್ರಿಲ್‌ನಿಂದ ನಿಯಮವಿದೆ. ಆದರೆ ಎರಡು ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ಆ ಕಡ್ಡಾಯ ಇಲ್ಲ. ಮಕ್ಕಳಿಗೆಂದು ಜನ ಕೊಳ್ಳುವ ಅರ್ಧ ಗ್ರಾಂ, ಒಂದು ಗ್ರಾಮಿನ ಉಂಗುರಗಳೆಲ್ಲ ಈ ಸಂದಿಯಲ್ಲೇ ಬೀಳುತ್ತವೆ. ದುಡ್ಡು ಹೊಂದದೆ ತೂಕ ಇಳಿಸೋಣ ಎಂದು ಹೊರಟವರು ಕ್ಯಾರೆಟ್ ನಮೂದಿಸಿದ ಬಿಲ್ ಕೇಳದೆ ಬರಬಾರದು.

ಹಾಗಾದರೆ ಏನು ಒಯ್ಯಲಿ ಎನ್ನುತ್ತೀರಿ. ಪತ್ರದಲ್ಲಿ ನೀವೇ ಬರೆದಿದ್ದೀರಿ, ಆದರೆ ಸಂಕೋಚದಿಂದ ಒಂದೇ ಮಾತಿನಲ್ಲಿ ದಾಟಿಸಿಬಿಟ್ಟಿದ್ದೀರಿ: ನಿಮಗೆ ಹೊಲಿಗೆ ಬರುತ್ತದೆ.

ಕುಂಚಿಗೆ ಹೊಲಿಯಿರಿ. ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನ ಮೇಲೆ ಇಳಿಬೀಳುವ ಹಳೆಯ ಕುಂಚಿಗೆಯನ್ನು ಈಗ ಪೇಟೆಯಲ್ಲಿ ಹುಡುಕಿದರೂ ಚೆನ್ನಾಗಿರುವುದು ಸಿಗುವುದಿಲ್ಲ. ಸಿಕ್ಕಿದ್ದು ಮಿಂಚುವ ಸ್ಯಾಟಿನ್, ಮಗುವಿಗೆ ಬೆವರು. ಗುಳೇದಗುಡ್ಡದ ಖಣದ ಒಂದು ತುಂಡು ಹೊರಗೆ, ಒಳಗೆ ಮೆತ್ತನೆಯ ಹತ್ತಿಯ ಅಸ್ತರು. ಖಣದ ಒಳಮೈ ಎಳೆಯ ಚರ್ಮಕ್ಕೆ ಒರಟು, ಅಸ್ತರು ಬಿಡಬೇಡಿ. ಮಣಿ, ಕನ್ನಡಿ, ಚಮಕಿ ಒಂದೂ ಬೇಡ; ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತದೆ. ಗದ್ದದ ಕೆಳಗೆ ಕಟ್ಟುವ ದಾರವನ್ನು ಗಂಟು ಬೀಳುವಷ್ಟೇ ಇಡಿ, ಉದ್ದ ಬಿಟ್ಟರೆ ಕೊರಳಿಗೆ ಸುತ್ತಿಕೊಳ್ಳುವ ಭಯ. ಮಗು ಮಲಗಿದಾಗ ಕುಂಚಿಗೆ ಬಿಚ್ಚಿಡಬೇಕೆಂದು ಅತ್ತಿಗೆಗೂ ಹೇಳಿ. ಅಳತೆಯನ್ನು ಈಗಿನ ತಲೆಗೆ ತೆಗೆಯದೆ ಆರು ತಿಂಗಳ ತಲೆಗೆ ತೆಗೆಯಿರಿ.

ಅದರ ಜೊತೆಗೆ ಒಂದು ಸಣ್ಣ ಕೌದಿ. ನಿಮ್ಮ ಅವ್ವನ ಹಳೆಯ ನೂಲಿನ ಸೀರೆಗಳು ಎಲ್ಲಿವೆ? ಅಣ್ಣನ ಮನೆಯ ಟ್ರಂಕಿನಲ್ಲೋ ನಿಮ್ಮಲ್ಲೋ ಒಂದೆರಡು ಉಳಿದೇ ಇರುತ್ತವೆ. ತೊಳೆತೊಳೆದು ಮೆತ್ತಗಾದ ಬಟ್ಟೆಯೇ ಕೂಸಿನ ಕೌದಿಗೆ ಸರಿ. ಎರಡು ಸಲ ಬಿಸಿನೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಅಂಚು ಗಟ್ಟಿ ಇರುವಲ್ಲಿ ಕತ್ತರಿಸಿ ತೆಗೆದುಬಿಡಿ. ಮೂರು ಪದರ ಸಾಕು. ಚಳಿಗಾಲದ ಕೌದಿಯಂತೆ ದಪ್ಪ ಮಾಡಿದರೆ ಒಗೆಯುವ ಬಾಣಂತಿ ಶಪಿಸುತ್ತಾಳೆ. ಕೈಹೊಲಿಗೆ ಹಾಕುವುದಾದರೆ ಎಷ್ಟು ಸೂಜಿ ತೆಗೆದುಕೊಂಡು ಕೂತಿರೋ ಅಷ್ಟನ್ನೂ ಏಳುವಾಗ ಎಣಿಸಿ ಏಳಿ. ಹಾಸಿಗೆಯ ಮೇಲೆ, ಮಡಿಲಲ್ಲಿ, ನೆಲದ ಮೇಲೆ ಮಗು ಬೋರಲು ಬೀಳಲು ಕಲಿಯುವಾಗ ಹಾಸಲು ಅದು ಬೇಕು. ಮೈಮೇಲೆ ಹೊದಿಸಲು ಅಲ್ಲ. ಬೀಗರ ಮನೆಯವರು ಎಂಥ ತೊಟ್ಟಿಲು ತಂದರೂ ಮಗುವಿನ ಅಪ್ಪನ ತಾಯಿಯ ಸೀರೆಯನ್ನು ಅವರು ತರಲಾರರು. ನಿಮ್ಮ ಅಣ್ಣನಿಗೂ ಆ ಸೀರೆಯ ಗುರುತು ಹತ್ತುತ್ತದೆ.

ಕಲಘಟಗಿ ತೊಟ್ಟಿಲಿನ ಬಗ್ಗೆ ಹೊಟ್ಟೆಕಿಚ್ಚು ಬೇಡ, ಖುಷಿಪಡಿ. ಅರಗಿನ ಬಣ್ಣ ಹಚ್ಚಿ, ಪಟ್ಟಿಗಳ ಮೇಲೆ ರಾಮನ, ಕೃಷ್ಣನ ಕಥೆಯ ಚಿತ್ರ ಬರೆಯುವ ಕುಟುಂಬಗಳು ಈಗ ಬೆರಳೆಣಿಕೆ. ಒಂದು ಮಾಡಿ ಮುಗಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಥದ್ದು ಮನೆಗೆ ಬಂದರೆ ಮುಂದಿನ ತಲೆಮಾರಿನ ಕೂಸುಗಳೂ ಅದರಲ್ಲೇ ಮಲಗುತ್ತವೆ.

ಲೋಹ ಏನೂ ಇಲ್ಲದೆ ಹೋಗಲು ಮನಸ್ಸು ಒಪ್ಪದಿದ್ದರೆ ಬೆಳ್ಳಿಯ ಒಂದು ಜೊತೆ ಬಿಂದ್ಲಿ ನೋಡಿ. ಗೆಜ್ಜೆ ಇರುವುದು ಬೇಡ, ನುಣುಪಾದ ಕಡಗದಂಥದ್ದು, ಅಗಲಿಸಿ ಕುಗ್ಗಿಸಲು ಬರುವಂಥದ್ದು. ಬೆಳ್ಳಿಯೂ ಈಗ ಮೊದಲಿನ ಬೆಲೆಯಲ್ಲಿಲ್ಲ. ಹಗುರದ್ದೇ ಸಾಕು, ಶುದ್ಧತೆ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿ. ಅದೂ ಆಗದಿದ್ದರೆ ಬಿಟ್ಟುಬಿಡಿ, ಕೊರತೆಯೇನಲ್ಲ. ಚಿನ್ನದ ಆಸೆಯನ್ನು ಮುಂದೆ ತೀರಿಸಿಕೊಳ್ಳಬಹುದು. ಜವಳ ಇದೆ, ಮೊದಲ ಹುಟ್ಟುಹಬ್ಬ ಇದೆ, ಕಿವಿ ಚುಚ್ಚಿಸುವುದಿದೆ. ಕಿವಿಯ ಒಂದು ಜೊತೆ ಸಣ್ಣ ರಿಂಗು ಒಂದು ಗ್ರಾಮಿನೊಳಗೆ ಆಗುತ್ತದೆ. ಹೊಲಿಗೆಯ ದುಡ್ಡಿನಲ್ಲಿ ತಿಂಗಳಿಗೆ ಇಷ್ಟು ಎಂದು ಎತ್ತಿಟ್ಟರೆ ಆ ಹೊತ್ತಿಗೆ ಕೈಗೂಡುತ್ತದೆ. ಅದು ಮಗುವಿನ ಮೈಮೇಲೆ ದಿನವೂ ಇರುವ ಒಡವೆ.

ನಿಮ್ಮ ಯಜಮಾನರ ಮಾತಿಗೂ ಬರೋಣ. ಸಾಲ ಬೇಡ ಎಂಬಲ್ಲಿ ಅವರದು ಸರಿ. ಆದರೆ ‘ಕೊಟ್ಟು ಬಾ’ ಎಂದರೇನು, ಅವರೂ ಬರಬೇಕು. ಅಳಿಯ ಬರಲಿಲ್ಲವೆಂಬ ಮಾತು ಉಂಗುರ ತರಲಿಲ್ಲವೆಂಬ ಮಾತಿಗಿಂತ ದೂರ ಹೋಗುತ್ತದೆ. ಅವರ ಸಾವಿರದ ಒಂದನ್ನು ಲಕೋಟೆಯಲ್ಲಿ ಹಾಕಿ, ಮಗುವಿನ ಸುಕನ್ಯಾ ಸಮೃದ್ಧಿ ಖಾತೆಗೆಂದು ಮೇಲೆ ಬರೆದುಬಿಡಿ. ಸೋದರತ್ತೆ ಆ ಖಾತೆ ತೆರೆಯಲು ಬರುವುದಿಲ್ಲ, ತಂದೆ-ತಾಯಿ ಇಲ್ಲವೇ ಕಾನೂನುಬದ್ಧ ಪೋಷಕರೇ ತೆರೆಯಬೇಕು. ಅಂಚೆ ಕಚೇರಿಯಲ್ಲಿ 250 ರೂಪಾಯಿಗೆ ತೆರೆಯಬಹುದು. ಹದಿನೈದು ವರ್ಷ ಕಟ್ಟಿದರೆ ಸಾಕು, ತೆರೆದ ದಿನದಿಂದ ಇಪ್ಪತ್ತೊಂದು ವರ್ಷಕ್ಕೆ ದುಡ್ಡು ಕೈಗೆ ಬರುತ್ತದೆ. ಒಂಬತ್ತು ವರ್ಷ ಕಾದು ಅಪ್ಪನಾದವನು ಆ ಲಕೋಟೆಯನ್ನು ದಿನಸಿಗೆ ಬಳಸಲಾರ.

ಪೇಟೆಯಲ್ಲಿ ‘ಬೇಬಿ ಸೆಟ್’ ಎಂದು ಪೆಟ್ಟಿಗೆ ಕಟ್ಟಿಟ್ಟಿರುತ್ತಾರೆ, ಅವಸರದಲ್ಲಿ ಅದಕ್ಕೆ ಕೈ ಹಾಕಬೇಡಿ. ಅದರಲ್ಲಿ ಹಾಲಿನ ಬಾಟಲಿ ಇದ್ದೇ ಇರುತ್ತದೆ. ಆರು ತಿಂಗಳು ತಾಯಿಹಾಲೇ ಸಾಕೆಂಬ ಕಾರಣಕ್ಕೆ 1992ರ ಕಾನೂನು ಬಾಟಲಿಯ ಜಾಹೀರಾತನ್ನೇ ತಡೆದಿರುವಾಗ ನಾವು ಉಡುಗೊರೆಯಾಗಿ ಒಯ್ಯುವುದೇಕೆ? ಕಾಡಿಗೆ, ಜೇನುತುಪ್ಪ, ಮೆತ್ತನೆ ದಿಂಬು ಇವನ್ನೂ ಮಕ್ಕಳ ಡಾಕ್ಟರು ಬೇಡವೆನ್ನುತ್ತಾರೆ. ವಾಕರ್ ಅಂತೂ ಕೆನಡಾದಲ್ಲಿ 2004ರಿಂದ ಮಾರುವಂತೆಯೇ ಇಲ್ಲ, ನಮ್ಮಲ್ಲಿ ಇನ್ನೂ ರಿಬ್ಬನ್ ಕಟ್ಟಿ ಕೊಡುತ್ತೇವೆ.

ಅತ್ತಿಗೆಗೆ ಏನು ಎಂದು ನಿಮ್ಮ ಪತ್ರದಲ್ಲಿಲ್ಲ. ಒಂಬತ್ತು ವರ್ಷ ಪ್ರತಿ ಕಾರ್ಯದಲ್ಲೂ ‘ಇನ್ನೂ ಏನೂ ಇಲ್ಲೇನವಾ’ ಎಂದು ಕೇಳಿಸಿಕೊಂಡವಳು ಅವಳು. ಅಂಟಿನುಂಡೆ ಕಟ್ಟಿಕೊಂಡು ಹೋಗಿ, ಒಂದು ಸ್ಟೀಲಿನ ಡಬ್ಬಿ ತುಂಬ. ಒಣಕೊಬ್ಬರಿ, ಉತ್ತತ್ತಿ ಧಾರಾಳ ಹಾಕಿ. ಸಾಧ್ಯವಾದರೆ ಕಾರ್ಯ ಮುಗಿದ ಮೇಲೂ ಎರಡು ದಿನ ಉಳಿಯಿರಿ. ಬೀಗರ ಮನೆಯೆಂಬ ಹಿಂಜರಿಕೆ ಬೇಡ. ರಾತ್ರಿ ಮಗು ಅತ್ತಾಗ ಎತ್ತಿಕೊಳ್ಳುವ ಇನ್ನೊಂದು ಕೈ ಯಾವ ಬಾಣಂತಿಗೂ ಹೆಚ್ಚಾಗುವುದಿಲ್ಲ.

ಮೈಕಿನ ಕಾಟಕ್ಕೆ ಸುಲಭದ ದಾರಿಯಿದೆ. ಆಯೇರಿ ಕೂಗುವ ಹೊತ್ತಿಗೆ ಕಾಯಬೇಡಿ. ಹಿಂದಿನ ಸಂಜೆಯೇ ಹೋಗಿ ಬಾಣಂತಿಯ ಕೋಣೆಯಲ್ಲಿ ಮಡಿಲಿಗೆ ಕೊಟ್ಟುಬಿಡಿ. ತೊಟ್ಟಿಲಿಗೆ ಹಾಕುವಾಗ ಮಗುವಿನ ತಲೆಯ ಮೇಲೆ ನಿಮ್ಮ ಕುಂಚಿಗೆಯೇ ಇರುವಂತೆ ಅತ್ತಿಗೆಗೆ ಹೇಳಿ. ಅಷ್ಟಾದರೆ ಕೂಗಲು ಏನೂ ಉಳಿಯುವುದಿಲ್ಲ.

ಇವೆಲ್ಲಕ್ಕೂ ಮೊದಲು ಅಣ್ಣನಿಗೆ ಫೋನ್ ಮಾಡಿ. ಸುತ್ತುಬಳಸಿ ಮಾತು ಬೇಡ, ನಿಮ್ಮ ಭಾಷೆಯಲ್ಲೇ ಹೇಳಿ: ‘ಅಣ್ಣಾ, ಉಂಗುರ ತರೂದು ಈಗ ನನ್ನ ಕೈಲೆ ಆಗೂದಿಲ್ಲ. ಪುಟ್ಟಿಗೆ ಕುಂಚಿಗಿ, ಅವ್ವನ ಸೀರಿ ಕೌದಿ ಹೊಲ್ಯಾಕತ್ತೀನಿ. ಕಿವಿ ಚುಚ್ಚಸೂ ಮುಂದ ರಿಂಗು ನಂದು.’ ಅವನು ಬೈದರೆ, ಇಷ್ಟು ದಿನ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದೆಯಾ ಎಂದು ಬೈದಾನು.

ಅದೇ ಫೋನಿನಲ್ಲಿ ಹೆಸರೂ ಕೇಳಿ ಬರೆದುಕೊಳ್ಳಿ. ತೊಟ್ಟಿಲ ಮುಂದೆ ಜಾತಕದ ಹೆಸರು, ಅಜ್ಜಿಯ ಹೆಸರು, ಕರೆಯುವ ಹೆಸರು ಎಂದು ಮೂರು ನಾಲ್ಕು ಹಾರಾಡುತ್ತವೆ, ಕೊನೆಗೆ ಕಾಗದದಲ್ಲಿ ಯಾವುದೋ ಒಂದು ಸೇರಿರುತ್ತದೆ. ಜನನ ನೋಂದಣಿ ಹುಟ್ಟಿದ 21 ದಿನದೊಳಗೆ ಹೆಸರಿಲ್ಲದೆಯೂ ಆಗಿರುತ್ತದೆ. ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಕೇಳುವುದಿಲ್ಲ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಗುಣಿತ ಸರಿಯಾಗಿದೆಯೇ ಎಂದು ಅಲ್ಲೇ ನಿಂತು ಓದಿ ನೋಡಲು ಅಣ್ಣನಿಗೆ ಹೇಳಿ. ಸುಕನ್ಯಾ ಖಾತೆಗೂ ಅವನು ಅದೇ ಪ್ರಮಾಣಪತ್ರ ಒಯ್ಯಬೇಕು.